ಕೆರೆದಂಡೆಗೆ ಕಲ್ಲು ಕಟ್ಟಿಸುವ ಮುನ್ನ



ಕಳೆದ ವಾರ್ಷಿಕ ಮಹಾಸಭೆ ಮುಗಿದು ಎಲ್ಲರೂ ಊಟಕ್ಕೆ ಎದ್ದ ಹೊತ್ತಿನಲ್ಲಿ ಮೂವರು ಸದಸ್ಯರು ಬೇರೆ ಬೇರೆಯಾಗಿ ನಮ್ಮನ್ನು ತಡೆದು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು. ತೋಟದ ಕೆರೆಯ ದಂಡೆ ಕುಸಿಯುತ್ತಿದೆ, ಸುತ್ತ ಕಲ್ಲು ಕಟ್ಟಿಸಲು ಸಂಘದಿಂದ ಸಾಲ ದೊರೆಯುವುದೇ ಎಂಬುದು ಆ ಪ್ರಶ್ನೆ. ಸಾಲದ ಮಾತು ಆಡಳಿತ ಮಂಡಳಿಗೆ ಸೇರಿದ್ದು. ಆದರೆ ಕಲ್ಲು ಕಟ್ಟಿಸುವುದೇ ಸರಿಯಾದ ಉಪಾಯವೇ ಎಂಬ ಬಗ್ಗೆ ನಮಗೆ ಆದ ಅನುಭವವನ್ನು, ಆ ಅನುಭವದ ನಂತರ ಓದಿ ಕೇಳಿ ತಿಳಿದುಕೊಂಡದ್ದನ್ನು ಸದಸ್ಯರ ಮುಂದಿಡುವುದು ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಮನೆಯ ಕೆಳಗಿನ ಕೆರೆ ಅಜ್ಜನ ಕಾಲದ್ದು. ತುಂಬಿ ಕೋಡಿ ಹರಿಯುವಾಗ ಸುಮಾರು ಒಂದು ಎಕರೆ ನೀರು. ಒಂದು ಕಡೆ ಏರಿ, ಅದರ ಎದುರಿಗೆ ಹಳ್ಳ ಬಂದು ಸೇರುವ ಬಾಯಿ, ಎಡಗಡೆ ಅಡಿಕೆ, ಬಲಗಡೆ ಗುಡ್ಡಕ್ಕೆ ಏರಿಕೊಂಡು ಹೋದ ರೊಬಸ್ಟಾ ಕಾಫಿ. 2019ರ ಆಗಸ್ಟ್ ತಿಂಗಳ ಮಳೆ ಮಲೆನಾಡಿನಲ್ಲಿ ಯಾರಿಗೂ ಮರೆಯುವಂಥದ್ದಲ್ಲ. ಆ ಮಳೆಗೆ ಮೇಲಿನ ಗುಡ್ಡದ ಮಣ್ಣೆಲ್ಲ ಬಂದು ಕೆರೆಯಲ್ಲಿ ಕೂತಿತು. 2021ರ ಬೇಸಿಗೆಯಲ್ಲಿ ಹಿಟಾಚಿ ತರಿಸಿ ಹೂಳು ತೆಗೆಸಿದೆವು. ಗೋಡು ಅಡಿಕೆ ತೋಟಕ್ಕೆ ಹೋಯಿತು, ಅದು ಲಾಭವೇ. ಆದರೆ ಬಂದ ಯಂತ್ರಕ್ಕೆ ಗಂಟೆ ಲೆಕ್ಕದ ಬಾಡಿಗೆ, ನಮಗೋ ನಾಲ್ಕು ಕೊಡ ನೀರು ಹೆಚ್ಚು ನಿಲ್ಲಲಿ ಎಂಬ ಆಸೆ. ದಡವನ್ನು ಗೋಡೆಯ ಹಾಗೆ ನೇರವಾಗಿ ಕಡಿಸಿಬಿಟ್ಟೆವು. ಯಂತ್ರ ನಡೆಸುವ ಹುಡುಗ ಒಮ್ಮೆ, "ಸ್ವಲ್ಪ ಇಳಿಜಾರು ಬಿಡ್ಲಾ ಸಾರ್?" ಎಂದು ಕೇಳಿದ್ದ. ಬೇಡವೆಂದವರು ನಾವೇ. ದಡದಲ್ಲಿದ್ದ ಜೇಕು, ಕೆಸು, ಕೇದಗೆ, ವಾಟೆ ಬಿದಿರು ಎಲ್ಲವೂ ಆ ಮೂರು ದಿನದಲ್ಲಿ ಹೋದವು. ಕೆರೆ ನೋಡಲು ಬಹಳ ಚೊಕ್ಕಟವಾಗಿತ್ತು.

ಅದೇ ವರ್ಷದ ಮಳೆಗಾಲವನ್ನು ದಂಡೆ ತಾಳಿಕೊಂಡಿತು. ಕುಸಿದದ್ದು 2022ರ ಮಾರ್ಚಿಯಲ್ಲಿ, ಆಕಾಶದಲ್ಲಿ ಒಂದು ಮೋಡವೂ ಇಲ್ಲದ ಒಂದು ರಾತ್ರಿ. ಬೆಳಿಗ್ಗೆ ಹೋಗಿ ನೋಡಿದರೆ ಅಡಿಕೆಯ ಕಡೆ ಉದ್ದಕ್ಕೆ ದಡ ಜಾರಿ, ಎರಡು ಸಾಲು ಮರ, ಒಟ್ಟು ಹದಿನೇಳು, ಬುಡ ಸಮೇತ ಕೆರೆಯೊಳಗೆ ಒರಗಿದ್ದವು. ಹಿಂಗಾರ ಬಿಟ್ಟ ಮರಗಳು. ಮಳೆಯಲ್ಲಿ ಕುಸಿಯದ್ದು ಬಿಸಿಲಿನಲ್ಲಿ ಏಕೆ ಕುಸಿಯಿತು ಎಂಬುದೇ ನಮಗೆ ಮೊದಲು ಬಗೆಹರಿಯಲಿಲ್ಲ.

ಅದರ ಕಾರಣ ಹೀಗಿದೆ. ಕೆರೆ ತುಂಬಿದ್ದಾಗ ದಡದ ಮಣ್ಣೂ ಒಳಗೆಲ್ಲ ನೀರು ಕುಡಿದು ನಿಂತಿರುತ್ತದೆ. ಹಾಗಿದ್ದರೂ ಅದು ಬೀಳುವುದಿಲ್ಲ, ಏಕೆಂದರೆ ಕೆರೆಯ ನೀರೇ ಎದುರಿನಿಂದ ಅದನ್ನು ಒತ್ತಿ ಹಿಡಿದಿರುತ್ತದೆ. ನೀರು ನಿಧಾನವಾಗಿ ಇಳಿದರೆ ಮಣ್ಣಿನೊಳಗಿನ ನೀರೂ ಅದರ ಜೊತೆಗೇ ಬಸಿದುಹೋಗುತ್ತದೆ. ಬೇಗನೆ ಇಳಿದರೆ ಮಣ್ಣಿನೊಳಗಿನ ನೀರು ಹಿಂದೆಯೇ ಉಳಿಯುತ್ತದೆ, ಎದುರಿನ ಆಸರೆ ಮಾತ್ರ ಹೋಗಿರುತ್ತದೆ. ಗೋಡೆಗೆ ಒರಗಿ ನಿಂತವನ ಬೆನ್ನ ಹಿಂದಿನಿಂದ ಗೋಡೆಯನ್ನು ತೆಗೆದ ಹಾಗೆ. ಅಣೆಕಟ್ಟು ಕಟ್ಟುವ ಎಂಜಿನಿಯರುಗಳು ಈ ಸಂಗತಿಯನ್ನು ಲೆಕ್ಕ ಹಾಕಿಯೇ ಇಳಿಜಾರು ನಿರ್ಧರಿಸುತ್ತಾರೆ. ನಾವು ತೋಟದವರು ಲೆಕ್ಕ ಹಾಕುವುದಿಲ್ಲ.

ನೀರು ಬೇಗ ಇಳಿಯಲು ಕಾರಣ ನಮ್ಮ ಪಂಪುಗಳೇ. ರೊಬಸ್ಟಾ ಕಾಫಿಗೆ ಹೂಮಳೆಯ ಬದಲು ಸ್ಪ್ರಿಂಕ್ಲರಿನಲ್ಲಿ ಒಂದೂವರೆ ಅಂಗುಲ ನೀರು ಕೊಡುವವರು ಗಮನಿಸಬೇಕು: ಒಂದು ಎಕರೆಗೆ ಒಂದು ಅಂಗುಲವೆಂದರೆ ಸುಮಾರು 1 ಲಕ್ಷ 3 ಸಾವಿರ ಲೀಟರ್. ಹತ್ತು ಎಕರೆಗೆ ಒಂದೂವರೆ ಅಂಗುಲದಂತೆ ಕೊಟ್ಟರೆ 15 ಲಕ್ಷ ಲೀಟರಿಗೂ ಮೇಲೆ. ಒಂದು ಎಕರೆ ವಿಸ್ತಾರದ ಕೆರೆಯಲ್ಲಿ ಇದು ಹದಿನೈದು ಅಂಗುಲ ನೀರು, ಅಂದರೆ ಒಂದೂಕಾಲು ಅಡಿ. ಬೇಸಿಗೆಯಲ್ಲಿ ಕೆರೆಯ ವಿಸ್ತಾರವೂ ಕುಗ್ಗಿರುವುದರಿಂದ ಇಳಿತ ಇನ್ನೂ ಹೆಚ್ಚು. ಹೂ ಅರಳಿಸುವ ಆತುರದಲ್ಲಿ ಹಗಲೂ ರಾತ್ರಿ ಪಂಪು ಓಡಿಸಿ ಕೆಲವೇ ದಿನಗಳಲ್ಲಿ ಇಷ್ಟು ನೀರನ್ನು ಎತ್ತುತ್ತೇವೆ. ನೇರವಾಗಿ ಕಡಿದ ದಡ ಆಗ ನಿಲ್ಲುವುದಾದರೂ ಹೇಗೆ?

ಇನ್ನು ಕಲ್ಲುಕಟ್ಟೆಯ ವಿಷಯ. ಸಿಮೆಂಟು ಹಾಕಿ ಕಟ್ಟಿದ ಗೋಡೆಯ ಹಿಂದೆಯೂ ಇದೇ ನೀರು ನಿಲ್ಲುತ್ತದೆ. ಬಸಿಯಲು ಸಾಕಷ್ಟು ಕಂಡಿ ಬಿಡದಿದ್ದರೆ ಮಣ್ಣು ಮಾಡಿದ ಕೆಲಸವನ್ನೇ ಗೋಡೆಯೂ ಮಾಡುತ್ತದೆ, ಖರ್ಚು ಮಾತ್ರ ಹೆಚ್ಚು. ಅದೂ ಅಲ್ಲದೆ ಗಾಳಿಗೆ ಎದ್ದ ಅಲೆ ಗೋಡೆಗೆ ಬಡಿದು ಹಿಂತಿರುಗಿ ಗೋಡೆಯ ಬುಡವನ್ನೇ ಕೊರೆಯುತ್ತದೆ. ಇಳಿಜಾರಿನಲ್ಲಿ ಹುಲ್ಲಿನ ನಡುವೆ ಹೊಕ್ಕ ಅಲೆ ಅಲ್ಲಿಯೇ ಸತ್ತುಹೋಗುತ್ತದೆ. ಕಲ್ಲೇ ಬೇಡವೆಂದು ನಾವು ಹೇಳುತ್ತಿಲ್ಲ. ತೂಬಿನ ಹತ್ತಿರ, ಕೋಡಿಯಲ್ಲಿ, ಪಂಪುಮನೆಯ ಕೆಳಗೆ, ದನ ಇಳಿಯುವ ದಾರಿಯಲ್ಲಿ ಕಲ್ಲು ಬೇಕೇ ಬೇಕು. ಅಲ್ಲಿಯೂ ಸಿಮೆಂಟಿಲ್ಲದ ಒಣಕಲ್ಲಿನ ಕಟ್ಟೆ ಒಳ್ಳೆಯದು. ಉಳಿದ ಸುತ್ತಿಗೆ ಹಣ ಸುರಿಯುವ ಮುನ್ನ ಮುಂದಿನದನ್ನು ಓದಬೇಕೆಂದು ವಿನಂತಿ.

ದಂಡೆಯಲ್ಲಿ ಏನಿತ್ತು, ಏಕಿತ್ತು

ಹಳೆಯ ಕೆರೆಗಳ ದಂಡೆಯನ್ನು ಯಾರೂ ನೆಟ್ಟು ಬೆಳೆಸಿದ್ದಲ್ಲ. ನೀರು ಎಲ್ಲಿಯವರೆಗೆ ಬರುತ್ತದೆ, ಎಷ್ಟು ತಿಂಗಳು ನಿಲ್ಲುತ್ತದೆ ಎಂಬುದನ್ನು ನೋಡಿಕೊಂಡು ಗಿಡಗಳೇ ತಮ್ಮ ತಮ್ಮ ಸ್ಥಾನವನ್ನು ಆರಿಸಿಕೊಂಡಿದ್ದವು. ನೀರಿನಲ್ಲಿ ನಿಲ್ಲಬಲ್ಲ ಮರಗಳು ನಮ್ಮ ಘಟ್ಟಕ್ಕೆ ಹೊಸತಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳನ್ನು ನೋಡಿದವರಿಗೆ ಗೊತ್ತು: ಸದಾ ಒದ್ದೆಯಾದ ನೆಲದಲ್ಲಿ ಉಸಿರಾಡಲು ಮರಗಳ ಬೇರು ಮಂಡಿಯಂತೆ ಬಾಗಿ ಮೇಲಕ್ಕೆ ಎದ್ದಿರುತ್ತದೆ. ಅಲ್ಲಿ ಸಿಕ್ಕ ಗೇರಿನ ಜಾತಿಗೆ ಸೇರಿದ ಒಂದು ಮರಕ್ಕೆ 2000ರಲ್ಲಿ ಸಸ್ಯವಿಜ್ಞಾನಿಗಳು ಆ ಕಾನಿನ ಹೆಸರನ್ನೇ ಇಟ್ಟರು. ಇಂಥ ಜಡ್ಡಿಗಳಲ್ಲಿ ಹೆಚ್ಚಿನವು ಹಿಂದೆಯೇ ಗದ್ದೆಯೂ ಅಡಿಕೆ ತೋಟವೂ ಆಗಿಹೋದವು. ನಮ್ಮ ಕಣಿವೆಯ ತೋಟಗಳ ಕೆಲವು ಮೂಲೆಗಳಲ್ಲಿ ಎಷ್ಟು ಬಸಿಗಾಲುವೆ ತೆಗೆದರೂ ನೀರು ಆರದಿರುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನಮ್ಮ ಅನುಮಾನ.

ದಂಡೆಯನ್ನು ಮೂರು ಪಟ್ಟಿಯಾಗಿ ಎಣಿಸಿಕೊಂಡರೆ ಕೆಲಸ ಸುಲಭ. ಮೂರಕ್ಕೂ ಅಳತೆಗೋಲು ಕೋಡಿಯ ಮಟ್ಟ.

ಮೊದಲನೆಯದು ಕೋಡಿಯ ಮಟ್ಟದಿಂದ ಕೆಳಗೆ ಒಂದೂವರೆ ಅಡಿ ಆಳದವರೆಗಿನ ಪಟ್ಟಿ. ಜುಲೈಯಿಂದ ನವೆಂಬರದವರೆಗೆ ನೀರಿನಲ್ಲಿ, ಬೇಸಿಗೆಯಲ್ಲಿ ಬಿಸಿಲಿನಲ್ಲಿ. ಇಡೀ ದಂಡೆಯ ಭವಿಷ್ಯ ಇರುವುದು ಇಲ್ಲಿ, ಏಕೆಂದರೆ ಅಲೆ ಬಡಿಯುವುದೂ ಇಲ್ಲಿಯೇ. ಇಲ್ಲಿಗೆ ಜೇಕು, ಬಜೆ, ಕೆಸು, ನೀರುಬ್ರಾಹ್ಮಿ ಸರಿ. ಕೆಸು ದಂಡೆಯನ್ನೂ ಹಿಡಿಯುತ್ತದೆ, ಪತ್ರೊಡೆಗೂ ಆಗುತ್ತದೆ. ಒಂದೇ ಗಿಡದಿಂದ ಎರಡು ಉಪಕಾರ. ಜೇಕಿನ ಗೆಡ್ಡೆಬೇರು ಮಣ್ಣನ್ನು ಚಾಪೆ ಹೆಣೆದಂತೆ ಹೆಣೆದುಬಿಡುತ್ತದೆ.

ಎರಡನೆಯದು ಕೋಡಿಯ ಮಟ್ಟದಿಂದ ಮೇಲಕ್ಕೆ ಎರಡು ಮೂರು ಅಡಿ ಎತ್ತರದವರೆಗಿನ ಪಟ್ಟಿ. ನೀರು ನಿಲ್ಲುವುದಿಲ್ಲ, ಆದರೆ ನೆಲ ಯಾವಾಗಲೂ ತಂಪು. ಇಲ್ಲಿ ಲಾವಂಚಕ್ಕೆ ಸಮನಾದದ್ದು ಬೇರೆ ಇಲ್ಲ. ಅದರ ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಕೆಳಗಿಳಿಯುತ್ತದೆ, ಒಳ್ಳೆಯ ಮಣ್ಣಿನಲ್ಲಿ ಆರೇಳು ಅಡಿಗೂ ಮೀರಿ. ಒಂದಷ್ಟು ದಿನ ನೀರಿನಲ್ಲಿ ಮುಳುಗಿದರೂ ಸಾಯುವುದಿಲ್ಲ, ಬೇಸಿಗೆಗೂ ಜಗ್ಗುವುದಿಲ್ಲ. ಗುಂಡ್ಲುಪೇಟೆಯ ಕಡೆಯ ರೈತರು ಬಹಳ ಕಾಲದಿಂದ ಇದನ್ನು ಹೊಲದ ಗಡಿಗೆ ಸಾಲಾಗಿ ನೆಡುತ್ತ ಬಂದವರು. ಇಳಿಜಾರಿಗೆ ಅಡ್ಡಲಾಗಿ, ಬುಡದಿಂದ ಬುಡಕ್ಕೆ ಅರ್ಧ ಅಡಿಯಂತೆ, ಸಾಲು ಮುರಿಯದಂತೆ ನೆಡಬೇಕು. ನಡುನಡುವೆ ವಾಟೆ ಬಿದಿರು (ಸಾರಿಗೆ ಹಾಕುವ ವಾಟೆಹುಳಿಯ ಮರವಲ್ಲ, ಹಳ್ಳದ ಬದಿಯ ತೆಳು ಬಿದಿರು), ಕೇದಗೆ, ಕೊಡಗಿನವರು ತೆರ್ಮೆ ಎಂದು ಪಲ್ಯಕ್ಕೆ ಬಳಸುವ ಜರಿ, ಒಂದೆಲಗ. ಕೇದಗೆ ನೆಟ್ಟರೆ ಹಾವು ಬರುತ್ತದೆಂದು ಮನೆಯಲ್ಲಿ ಆಕ್ಷೇಪಣೆ ಬಂದದ್ದುಂಟು. ಅದನ್ನು ದಾರಿಯಿಂದ ದೂರದ ಮೂಲೆಗೆ ನೆಟ್ಟು ರಾಜಿ ಮಾಡಿಕೊಂಡೆವು.

ಮೂರನೆಯದು ಅದರಿಂದ ಮೇಲೆ, ಮರಗಳ ಪಟ್ಟಿ. ಹೊಳೆಮತ್ತಿ, ನೇರಳೆ, ಹೊಂಗೆ, ಹೊಳೆದಾಸವಾಳ, ರಾಮಪತ್ರೆ. ಅಡಿಕೆಗೆ ತೀರ ನೆರಳಾಗದಂತೆ ದೂರದೂರಕ್ಕೆ ನೆಟ್ಟರೆ ಸಾಕು.

ಇಲ್ಲಿ ಒಂದು ಎಚ್ಚರಿಕೆ. ಈ ಮರಗಳನ್ನು ಏರಿಯ ಮೇಲೆ ಸರ್ವಥಾ ನೆಡಕೂಡದು. ಏರಿ ಬೇರೆ, ದಂಡೆ ಬೇರೆ. ದಂಡೆ ಗುಡ್ಡದ ಭಾಗ. ಏರಿ ಮಣ್ಣು ಹೊತ್ತು ಹಾಕಿ ಕಟ್ಟಿದ್ದು, ಅದರ ಆಚೆ ಬದಿ ಖಾಲಿ. ಏರಿಯ ಮೇಲಿನ ಮರ ಗಾಳಿಗೆ ತೂಗಿದಾಗ ಮಣ್ಣು ಸಡಿಲವಾಗುತ್ತದೆ. ಮರ ಸತ್ತ ಮೇಲೆ ಅದರ ಬೇರು ಕೊಳೆತು ಟೊಳ್ಳಾದ ಕೊಳವೆಯಾಗಿ, ಅದರೊಳಗೆ ನೀರು ದಾರಿ ಮಾಡಿಕೊಳ್ಳುತ್ತದೆ. ಬಿದಿರಿನ ಹಿಂಡಿಲಿದ್ದರೆ ಅದರ ಬುಡದಲ್ಲಿ ಹೆಗ್ಗಣವೂ ಏಡಿಯೂ ಮನೆ ಮಾಡುತ್ತವೆ. ಏರಿಗೆ ಹುಲ್ಲು ಮಾತ್ರ, ಅದನ್ನೂ ಗಿಡ್ಡಕ್ಕೆ ಸವರಿಸಬೇಕು. ಎಲ್ಲಿಯಾದರೂ ನೀರು ಜಿನುಗಿದರೆ ಕಣ್ಣಿಗೆ ಕಾಣಬೇಕು. ಈಗಾಗಲೇ ಏರಿಯ ಮೇಲೆ ದೊಡ್ಡ ಮರವಿದ್ದರೆ ತಿಳಿದವರನ್ನು ಕೇಳದೆ ಬುಡ ಕೀಳಿಸಲೂಬಾರದು.

ನಾವು ಕೆಡಿಸಿಕೊಂಡದ್ದು

2022ರ ಜೂನ್ ತಿಂಗಳಲ್ಲಿ, ಎಲ್ಲ ಸಸಿಯನ್ನೂ ಮಳೆ ಹಿಡಿದ ಕೂಡಲೆ ನೆಡುವ ನಮ್ಮ ಅಭ್ಯಾಸದಂತೆಯೇ, ಮೊದಲ ಪಟ್ಟಿಯಲ್ಲಿ ಜೇಕು ಮತ್ತು ಬಜೆ ನೆಡಿಸಿದೆವು. ಹನ್ನೆರಡು ಆಳಿನ ಕೆಲಸ. ಮೂರು ವಾರದಲ್ಲಿ ಕೆರೆ ಏರಿತು. ಇನ್ನೂ ಬೇರು ಕಚ್ಚದ ಬುಡಗಳೆಲ್ಲ ಕಿತ್ತುಬಂದು, ತೇಲಿ, ಕೋಡಿಯ ಬಾಯಲ್ಲಿ ಹುಲ್ಲಿನ ಮೆದೆಯಂತೆ ಕೂತವು. ಅವನ್ನು ಎಳೆದು ಹಾಕಲು ಮತ್ತೆ ಎರಡು ಆಳು.

ನೀರಿನಂಚಿನ ಗಿಡಕ್ಕೆ ನೆಡುವ ಕಾಲ ಮಳೆಗಾಲದ ಆರಂಭವಲ್ಲ, ಕೊನೆ. ಅಕ್ಟೋಬರ್ ಕೊನೆಗೋ ನವೆಂಬರದಲ್ಲೋ ಕೋಡಿ ನಿಂತು ನೀರು ಇಳಿಯತೊಡಗುತ್ತದೆ. ಇಳಿದಂತೆಲ್ಲ ಒಂದು ಗೇಣಿನ ಒದ್ದೆ ನೆಲ ಹೊರಬೀಳುತ್ತದೆ. ಹದಿನೈದು ದಿನಕ್ಕೊಮ್ಮೆ ಹೋಗಿ ಆ ಗೇಣಿನಗಲಕ್ಕೆ ನೆಡುತ್ತ ಬರಬೇಕು. ನೀರು ಮುಂದೆ, ನಾವು ಹಿಂದೆ. ಹೀಗೆ ನೆಟ್ಟದ್ದಕ್ಕೆ ಮುಂದಿನ ಜೂನಿನ ತನಕ ಏಳು ತಿಂಗಳ ಅವಧಿ ಸಿಗುತ್ತದೆ. ಬುಡಕ್ಕೆ ಸೋಗೆ ಮುಚ್ಚಿ, ಜನವರಿಯಿಂದ ಎರಡು ತಿಂಗಳು ವಾರಕ್ಕೆರಡು ಸಲ ನೀರು ಚಿಮುಕಿಸಿದರೆ ಬೇರು ಹಿಡಿಯುತ್ತದೆ. ಮಣ್ಣು ಜಾರುವಲ್ಲಿ ಅಡಿಕೆ ದಬ್ಬೆಯ ಗೂಟ ಹೊಡೆದು ಅಡ್ಡಕ್ಕೆ ದಬ್ಬೆ ಹೆಣೆದರೆ ಎರಡು ವರ್ಷ ಬಾಳುತ್ತದೆ. ಅದು ಕೊಳೆಯುವಷ್ಟರಲ್ಲಿ ಬೇರಿನ ಹೆಣಿಗೆ ಸಿದ್ಧವಾಗಿರುತ್ತದೆ. ಎರಡನೆಯ ಮತ್ತು ಮೂರನೆಯ ಪಟ್ಟಿಯ ಲಾವಂಚ, ಮರಗಳನ್ನು ಮಾತ್ರ ಎಂದಿನಂತೆ ಜೂನಿನಲ್ಲಿಯೇ ನೆಡಬಹುದು.

ನೆಡುವ ಮೊದಲು ದಡ ಇಳಿಜಾರಾಗಬೇಕಷ್ಟೆ. ನಿಂತ ಗೋಡೆಯ ಮೇಲೆ ಯಾವ ಗಿಡವೂ ಬಾಳದು. ಒಂದು ಅಡಿ ಎತ್ತರಕ್ಕೆ ಕನಿಷ್ಠ ಮೂರು, ಸಾಧ್ಯವಿದ್ದರೆ ನಾಲ್ಕು ಅಡಿ ಅಗಲ ಬೇಕು. ಇಲ್ಲಿ ನಷ್ಟವಿಲ್ಲವೆಂದು ಹೇಳಿದರೆ ಸುಳ್ಳಾದೀತು. ಆರು ಅಡಿ ಆಳದ ಕಡೆ ಒಂದಕ್ಕೆ ನಾಲ್ಕರ ಇಳಿಜಾರನ್ನು ಕೆರೆಯೊಳಗೇ ಮಣ್ಣು ತುಂಬಿ ಮಾಡಿದರೆ, ನೂರು ಅಡಿ ಉದ್ದದ ದಂಡೆಗೆ 7200 ಘನ ಅಡಿ, ಅಂದರೆ ಸುಮಾರು 2 ಲಕ್ಷ ಲೀಟರ್ ನೀರಿನ ಜಾಗ ಕಡಿಮೆಯಾಗುತ್ತದೆ. ಅದು ಒಂದೆಕರೆಗಿಂತ ತುಸು ಹೆಚ್ಚು ಕಾಫಿಯ ಹೂನೀರು. ನೀರನ್ನು ಬಿಡಲಾಗದಿದ್ದರೆ ನೆಲ ಬಿಡಬೇಕು. ಆಗ ಅಷ್ಟೇ ದಂಡೆಗೆ ಎರಡು ಗುಂಟೆಗೂ ಮೇಲೆ. ನಾವು ಅಡಿಕೆಯ ಕಡೆಯಲ್ಲಿ, ಹೇಗೂ ಮರ ಬಿದ್ದು ಹೋಗಿದ್ದುದರಿಂದ, ಅರ್ಧ ನೆಲವನ್ನೂ ಅರ್ಧ ನೀರನ್ನೂ ಬಿಟ್ಟೆವು. ಆ ವರ್ಷ ಮನಸ್ಸಿಗೆ ಕಷ್ಟವಾಯಿತು. ಅಪ್ಪನವರು ನೆಟ್ಟ ಸಾಲು ಅದು.

2022ರ ನವೆಂಬರದಲ್ಲಿ ನೆಟ್ಟದ್ದು ಮೂರು ಮಳೆಗಾಲವನ್ನೂ ಮೂರು ಬೇಸಿಗೆಯ ಪಂಪನ್ನೂ ಕಂಡಿದೆ. ಆ ಕಡೆ ದಂಡೆ ಜಾರಿಲ್ಲ. ಕಾಫಿಯ ಕಡೆ, ಇನ್ನೂ ನೇರವಾಗಿಯೇ ಇರುವಲ್ಲಿ, ಪ್ರತಿ ಬೇಸಿಗೆಯಲ್ಲಿಯೂ ಒಂದಷ್ಟು ಬೀಳುತ್ತಿದೆ.

ಬೇಡವಾದವು

ಹಸಿರೆಲ್ಲ ಒಳ್ಳೆಯದಲ್ಲ. ಜಂಬುಹುಲ್ಲು, ಅಂದರೆ ಆಪು, ನಮ್ಮದೇ ಗಿಡವಾದರೂ ಸಣ್ಣ ಕೆರೆಗೆ ತರಬಾರದು. ಬೇರಿನಿಂದ ಹರಡಿ, ಆಳವಿಲ್ಲದ ಕೆರೆಯನ್ನು ಕೆಲವೇ ವರ್ಷಗಳಲ್ಲಿ ಆವರಿಸಿಬಿಡುತ್ತದೆ. ಅಂದಕ್ಕೆಂದು ಮನೆಯಂಗಳದಲ್ಲಿ ನೆಟ್ಟ ಹಳದಿ ಹೂವಿನ ವೆಡೇಲಿಯಾ ಬಳ್ಳಿ ಈಗ ಎಷ್ಟೋ ತೋಟಗಳ ಒದ್ದೆ ನೆಲವನ್ನು ಹಿಡಿದಿದೆ. ಅದರ ಒಂದು ತುಂಡೂ ಕೆರೆಯ ಕಡೆ ಹೋಗಬಾರದು. ಅಂತರಗಂಗೆ ಎಂದು ನಾವು ಕರೆಯುವ ನೇರಳೆ ಹೂವಿನ ಕಳೆ ಮತ್ತು ಸಾಲ್ವಿನಿಯಾ ಎರಡೂ ದಕ್ಷಿಣ ಅಮೆರಿಕದಿಂದ ಬಂದವು. ಸಾಲ್ವಿನಿಯಾದ ಕಥೆ ಹೇಳಬೇಕಾದದ್ದೇ. 1980ರ ದಶಕದ ಮೊದಲ ಭಾಗದಲ್ಲಿ ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಆಸ್ಟ್ರೇಲಿಯಾದಿಂದ ಒಂದು ಸಣ್ಣ ಮೂತಿಹುಳುವನ್ನು ತರಿಸಿ, ಬೇರೆ ಬೆಳೆಯನ್ನು ತಿನ್ನುವುದಿಲ್ಲವೆಂದು ಪರೀಕ್ಷಿಸಿ, ಬೆಂಗಳೂರಿನ ಒಂದು ನೈದಿಲೆ ಕೊಳಕ್ಕೆ ಬಿಟ್ಟರು. ವರ್ಷದೊಳಗೆ ಸಾಲ್ವಿನಿಯಾ ನೆಲಕಚ್ಚಿ, ಮುಚ್ಚಿಹೋಗಿದ್ದ ನೈದಿಲೆ ಮತ್ತೆ ಮೇಲೆ ಬಂತು. ಆ ಬಳಿಕ ಕೇರಳದ ಕಾಲುವೆಗಳಲ್ಲಿಯೂ ಅದೇ ಹುಳು ಕೆಲಸ ಮಾಡಿತು. ಕಾಫಿಯವರಾದ ನಮಗೆ ಕೊರಕ ಹುಳುವಿನ ಶತ್ರುತ್ವವೇ ಗೊತ್ತು, ಹುಳುವಿನ ಸ್ನೇಹ ಅಪರೂಪ.

ಮೀನಿನ ಬಗ್ಗೆಯೂ ಒಂದು ಮಾತು. ಹುಲ್ಲುಗೆಂಡೆ ಹೆಸರಿಗೆ ತಕ್ಕಂತೆ ಎಳೆಯ ಗಿಡವನ್ನು ಮೇಯುತ್ತದೆ. ಸಾಮಾನ್ಯ ಗೆಂಡೆ ಕೆಸರನ್ನು ಕೆದಕಿ ಬುಡವನ್ನು ಎಬ್ಬಿಸುತ್ತದೆ, ನೀರನ್ನೂ ಕದಡುತ್ತದೆ. ದಂಡೆ ಹಿಡಿಯುವವರೆಗೆ, ಅಂದರೆ ಎರಡು ವರ್ಷ, ಇವೆರಡನ್ನೂ ಬಿಡದಿರುವುದು ಲೇಸು. ಕಾಟ್ಲ ರೋಹುಗಳಿಂದ ತೊಂದರೆ ಇಲ್ಲ. ದನಕ್ಕೂ ಒಂದೇ ದಾರಿ ಗೊತ್ತು ಮಾಡಿ ಉಳಿದ ಕಡೆ ಬೇಲಿ ಕಟ್ಟಬೇಕು. ಸೊಳ್ಳೆ ಹೆಚ್ಚಾಗುವುದೆಂಬ ಭಯವನ್ನು ಹಲವರು ಹೇಳುತ್ತಾರೆ. ದಂಡೆಯ ಹುಲ್ಲಿನಲ್ಲಿ ಕಪ್ಪೆ, ಸಣ್ಣ ಮೀನು, ಏರೋಪ್ಲೇನ್ ಚಿಟ್ಟೆಯ ಮರಿಗಳು ಸೇರುತ್ತವೆ. ಸೊಳ್ಳೆಮರಿ ಇವುಗಳ ಆಹಾರ. ನಮ್ಮಲ್ಲಿ ಸೊಳ್ಳೆ ಇರುವುದು ಕೆರೆಯಲ್ಲಿ ಅಲ್ಲ, ತೋಟದಲ್ಲಿ ಬಿದ್ದ ಹಾಳೆಯ ದೊನ್ನೆಗಳಲ್ಲಿ.

ಇನ್ನೊಂದು ಸಂಗತಿ ಅಡಿಕೆಯವರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತದಲ್ಲಿರುವ ತಾಮ್ರ ಕರಗಿ ಮಾಯವಾಗುವ ವಸ್ತುವಲ್ಲ. ಅದು ಮಣ್ಣಿಗೆ ಅಂಟಿಕೊಂಡು, ಮಣ್ಣು ಕೊಚ್ಚಿದರೆ ಅದರೊಂದಿಗೆ ಕೆರೆಗೆ ಬರುತ್ತದೆ. ನೀರಿನಲ್ಲಿ ತಾಮ್ರ ಹೆಚ್ಚಿದರೆ ಮೀನಿಗೆ ವಿಷ. ರಂಜಕವೂ ಹೀಗೆಯೇ ಮಣ್ಣಿನ ಬೆನ್ನೇರಿ ಬಂದು ನೀರನ್ನು ಹಸಿರು ಪಾಚಿ ಮಾಡುತ್ತದೆ. ತೋಟದ ನೀರು ಕೆರೆಗೆ ಸೇರುವ ಮುನ್ನ ಲಾವಂಚದ ಸಾಲನ್ನೂ ಜೇಕಿನ ಪಟ್ಟಿಯನ್ನೂ ದಾಟಿ ಬರುವಂತಿದ್ದರೆ ಮಣ್ಣಿನ ಬಹುಭಾಗ ಅಲ್ಲಿಯೇ ಕೂರುತ್ತದೆ. ಆದರೆ ಔಷಧಿಯ ಡ್ರಮ್ಮನ್ನು ಕೆರೆಯಲ್ಲಿಯೇ ತೊಳೆದರೆ, ಪಲ್ಪರಿನ ನೀರನ್ನು ನೇರವಾಗಿ ಹಳ್ಳಕ್ಕೆ ಬಿಟ್ಟರೆ, ಯಾವ ಹುಲ್ಲೂ ಅದನ್ನು ತಡೆಯಲಾರದು. ಇದನ್ನು ಯಾರನ್ನೂ ಉದ್ದೇಶಿಸಿ ಬರೆದಿಲ್ಲ; ಡ್ರಮ್ಮನ್ನು ನಾವೂ ತೊಳೆದವರೇ.

ಸದಸ್ಯರು ಈ ವರ್ಷ ಮಾಡಬಹುದಾದ ಮೊದಲ ಕೆಲಸಕ್ಕೆ ಖರ್ಚೇನೂ ಇಲ್ಲ. ಜುಲೈಯಲ್ಲಿ ಕೋಡಿ ಹರಿಯುತ್ತಿರುವ ಒಂದು ದಿನ, ಗಾಳಿಯಿಲ್ಲದ ಹೊತ್ತಿನಲ್ಲಿ, ನೀರಿನ ಅಂಚಿಗೆ ಸರಿಯಾಗಿ ಕೆರೆಯ ಸುತ್ತ ಇಪ್ಪತ್ತು ಅಡಿಗೊಂದರಂತೆ ಗೂಟ ಹೊಡೆಸಬೇಕು. ಮಟ್ಟ ಹಿಡಿಯಲು ನೀರಿಗಿಂತ ಒಳ್ಳೆಯ ಯಂತ್ರವಿಲ್ಲ. ಆ ಗೂಟದಿಂದ ಕೆಳಗಿನದು ಮೊದಲ ಪಟ್ಟಿ, ಮೇಲಿನದು ಎರಡನೆಯದು. ಮೊದಲು ಹಳ್ಳ ಬಂದು ಸೇರುವ ಬಾಯಿಯನ್ನೂ, ತೋಟಕ್ಕೆ ಅಪಾಯವಿರುವ ಬದಿಯನ್ನೂ ಹಿಡಿದು, ಉಳಿದದ್ದನ್ನು ಮುಂದಿನ ವರ್ಷಗಳಿಗೆ ಬಿಟ್ಟರೆ ಕೈಗೂ ಭಾರವಾಗುವುದಿಲ್ಲ.

ನಮ್ಮ ಕಾಫಿಯ ಕಡೆಯ ದಂಡೆಯನ್ನು ಈ ನವೆಂಬರದಲ್ಲಿ ಹಿಡಿಯುತ್ತೇವೆ. ಅಡಿಕೆಯ ಕಡೆ ಜೇಕು ಈಗ ಒತ್ತಾಗಿ ಬೆಳೆದಿರುವುದರಿಂದ ಬುಡ ಒಡೆದು ಕೊಡಬಹುದು. ಬೇಕಾದವರು ದೀಪಾವಳಿ ಕಳೆದ ಮೇಲೆ ಸಂಘದ ಕಚೇರಿಯಲ್ಲಿ ಹೆಸರು ಬರೆಸಿ, ಕೀಳುವ ದಿನ ತಿಳಿದುಕೊಂಡು, ಒದ್ದೆ ಮಾಡಿದ ಗೋಣಿಚೀಲದೊಂದಿಗೆ ಬರಬೇಕು. ಕಿತ್ತ ದಿನವೇ ನೆಡಬೇಕಾದ್ದರಿಂದ ಬೆಳಿಗ್ಗೆ ಎಂಟರೊಳಗೆ ಬಂದರೆ ಅನುಕೂಲ.